ಎದುರು ಸುತ್ತಿನ ರಾಯರು

ಬೆಳಿಗ್ಗೆ ಆರರ ಹೊತ್ತಿಗೆ ಯಡಿಯೂರು ಕೆರೆಯ ದಂಡೆಯಲ್ಲಿ ನಡೆಯುವವರೆಲ್ಲ ಒಂದೇ ಕಡೆಗೆ ತಿರುಗುತ್ತಾರೆ. ಯಾರೂ ಹೇಳಿದ್ದಲ್ಲ. ಗುಡಿ ಸುತ್ತಿ ಪಳಗಿದ ಕಾಲುಗಳು ಕೆರೆಯನ್ನೂ ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಹಾಕುತ್ತವೆ, ಅಷ್ಟೆ. ಇವರ ನಡುವೆ ಒಬ್ಬರು ಮಾತ್ರ ಎದುರಿನಿಂದ ಬರುತ್ತಾರೆ. ಖಾದಿ ಜುಬ್ಬ, ಸವೆದ ಚಪ್ಪಲಿ, ಕೈಯಲ್ಲಿ ಬಟ್ಟೆ ಚೀಲ, ಮುಖದ ಮೇಲೆ ಇಡೀ ಬೆಂಗಳೂರು ದಾರಿ ತಪ್ಪಿದೆಯೆಂಬ ಸಮಾಧಾನ. ಇವರನ್ನು ಸದ್ಯಕ್ಕೆ ರಾಯರು ಎನ್ನೋಣ; ಅಡ್ಡರಸ್ತೆಗೊಬ್ಬರು ಇರುವುದರಿಂದ ಹೆಸರು ಯಾವುದಾದರೂ ನಡೆದೀತು. ಕಾರ್ಖಾನೆಯಿಂದಲೋ ಬ್ಯಾಂಕಿನಿಂದಲೋ ನಿವೃತ್ತರಾಗಿರುತ್ತಾರೆ, ಅಭಿಪ್ರಾಯಗಳಿಂದ ಮಾತ್ರ ಆಗಿರುವುದಿಲ್ಲ. ಸ್ಮಾರ್ಟ್‌ಫೋನ್ ಇಟ್ಟುಕೊಂಡಿಲ್ಲ, ಟಿವಿ ನೋಡುವುದಿಲ್ಲ, ಕಾಫಿಗೆ ಸಕ್ಕರೆ ಬೇಡ, ಛತ್ರದ ಊಟಕ್ಕೆ ಹೋಗುವುದಿಲ್ಲ. ‘ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ’ ಎಂದು ಹಿರಿಯರು ಬೈಗುಳವಾಗಿ ಆಡಿದ ಗಾದೆಯನ್ನು ಎಪ್ಪತ್ತರ ಈ ಪೋರರು ಬಿರುದಿನಂತೆ ಧರಿಸಿದ್ದಾರೆ.

ಗುಂಪಿನ ಗೊಡವೆ ಬೇಡವೆಂದೇ ಎದುರು ದಿಕ್ಕು ಹಿಡಿದೆ ಎಂಬುದು ರಾಯರ ವಾದ. ಲೆಕ್ಕ ಹಾಕಿದರೆ ವಾದ ನಿಲ್ಲುವುದಿಲ್ಲ. ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ನಡೆಯುವವರು ಗಂಟೆಗಟ್ಟಲೆ ನಡೆದರೂ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ; ಮುಂದಿನವರ ಬೆನ್ನೊಂದು ಕಂಡರೆ ಸಾಕು. ಎದುರು ನಡೆಯುವವರಿಗಾದರೆ ಪ್ರತಿಯೊಬ್ಬರೂ ಒಂದು ಸುತ್ತಿಗೆ ಎರಡು ಸಲ ಸಿಗುತ್ತಾರೆ. ನೂರು ಜನ, ನಾಲ್ಕು ಸುತ್ತು ಎಂದರೆ ಎಂಟುನೂರು ಮುಖಾಮುಖಿ. ಎಂಟುನೂರು ಸಲ ನಗಬೇಕು, ಇಲ್ಲವೆ ನಗದಿರಲು ಎಂಟುನೂರು ಸಲ ಕಷ್ಟಪಡಬೇಕು. ಯಾರ ಮೊಣಕಾಲು ನೋವು ಹೆಚ್ಚಾಗಿದೆ, ಯಾರ ಮಗ ಅಮೆರಿಕದಿಂದ ಬಂದಿದ್ದಾನೆ, ಯಾರು ಮೂರು ದಿನದಿಂದ ಕಂಡಿಲ್ಲ ಎಂಬುದೆಲ್ಲ ಕೆರೆಯಂಗಳದಲ್ಲಿ ಸರಿಯಾಗಿ ಗೊತ್ತಿರುವುದು ಜನರನ್ನು ತೊರೆದ ಈ ಒಬ್ಬರಿಗೇ. ಯಡಿಯೂರಿನದೂ ಇದೇ ಕಥೆ. 1948ರಲ್ಲಿ ಜಯನಗರ ಬಡಾವಣೆಗೆ ನಾಂದಿಯಾಗಿ ಸುತ್ತಲಿನ ಜಾಗವೆಲ್ಲ ಒಂದನೇ ಬ್ಲಾಕು, ಎರಡನೇ ಬ್ಲಾಕು ಎಂದು ಅಂಕಿಗಳಾದಾಗ ಈ ಹಳ್ಳಿ ತನ್ನ ಹೆಸರು ಬಿಡಲಿಲ್ಲ. ಫಲವೇನೆಂದರೆ, ಇಲ್ಲಿನವರು ‘ಯಡಿಯೂರು’ ಎಂದು ಬರೆದು, ಅದರ ಕೆಳಗೆ ‘ಜಯನಗರ 6ನೇ ಬ್ಲಾಕ್’ ಎಂದೂ ಬರೆಯಬೇಕು. ಬೇರೆಯಾಗಿ ಉಳಿದವರ ವಿಳಾಸ ಯಾವಾಗಲೂ ಒಂದು ಸಾಲು ಉದ್ದ.

ಆ ಹೆಚ್ಚುವರಿ ಸಾಲಿನ ಖರ್ಚು ಯಾರದು ಎಂಬಲ್ಲಿ ನಿಜವಾದ ತಕರಾರು ಶುರುವಾಗುತ್ತದೆ. ಕೆಲವು ಬಾಬತ್ತು ರಾಯರೇ ಕೊಡುತ್ತಾರೆ, ಸಂತೋಷದಿಂದಲೇ ಕೊಡುತ್ತಾರೆ. ಬನಶಂಕರಿ ನಿಲ್ದಾಣದಲ್ಲಿ ಕಾರ್ಡು ಉಜ್ಜದೆ ಟೋಕನ್ನಿನ ಸಾಲಿನಲ್ಲಿ ನಿಲ್ಲುತ್ತಾರೆ. 2025ರ ಫೆಬ್ರುವರಿಯಲ್ಲಿ ಮೆಟ್ರೋ ದರ ಏರಿ ಗರಿಷ್ಠ 90 ರೂಪಾಯಿಯಾದಾಗಲೂ ಕಾರ್ಡಿನವರಿಗೆ ಶೇ. 5ರ ರಿಯಾಯಿತಿ ಉಳಿಯಿತು. ಅಂದರೆ ಊರಿನ ಈ ತುದಿಯಿಂದ ಆ ತುದಿಗೆ ಹೋದರೂ ಸ್ವಾಭಿಮಾನಕ್ಕೆ ಬೀಳುವ ಖರ್ಚು ನಾಲ್ಕೂವರೆ ರೂಪಾಯಿ, ಅಗ್ಗವೇ. ಅಂಗಡಿಯಲ್ಲಿ ಐನೂರರ ನೋಟು ಚಾಚಿ ಹದಿನೆಂಟು ರೂಪಾಯಿಯ ಕೊತ್ತಂಬರಿ, ಹಸಿಮೆಣಸಿನಕಾಯಿ ಕೊಂಡಾಗ ಮಾತ್ರ ಖರ್ಚು ಹಂಚಿಹೋಗುತ್ತದೆ. ‘ಸಾರ್, ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡಿಬಿಡಿ’ ಎನ್ನುತ್ತಾನೆ ಹುಡುಗ. ರಾಯರು ನಗದು ಹಣದ ಸ್ವಾತಂತ್ರ್ಯದ ಬಗ್ಗೆ ಐದು ನಿಮಿಷ ಮಾತಾಡುತ್ತಾರೆ. ಹಿಂದೆ ನಿಂತ ನಾಲ್ವರು ತಲಾ ಐದು ನಿಮಿಷ ಕೊಟ್ಟು ಆ ಸ್ವಾತಂತ್ರ್ಯಕ್ಕೆ ಚಂದಾದಾರರಾಗುತ್ತಾರೆ.

ದೊಡ್ಡ ಬಿಲ್ಲು ಹೋಗುವುದು ಮನೆಗೆ. ರಾಯರ ಬಳಿ ಫೋನಿಲ್ಲದಿದ್ದರೂ ಅವರ ಓಟಿಪಿ ಎಲ್ಲಿಗಾದರೂ ಬರಲೇಬೇಕಲ್ಲ. ಅದು ಮನೆಯಾಕೆಯ ಫೋನಿಗೆ ಬರುತ್ತದೆ. ಗ್ಯಾಸು, ಬ್ಯಾಂಕು, ಆಸ್ಪತ್ರೆ, ಪಿಂಚಣಿ ಹೀಗೆ ತ್ಯಾಗಿಗಳ ಲೌಕಿಕ ವ್ಯವಹಾರವೆಲ್ಲ ತ್ಯಾಗ ಮಾಡದವರೊಬ್ಬರ ಸೆರಗಿನಲ್ಲಿ ಕಟ್ಟಿಕೊಂಡಿರುತ್ತದೆ. ಮಗಳ ಮದುವೆಯ ವಿಚಾರವನ್ನೇ ತೆಗೆದುಕೊಳ್ಳಿ. ಕುವೆಂಪು ಅವರು ಮಂತ್ರ ಮಾಂಗಲ್ಯವನ್ನು ರೂಪಿಸಿ, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿಸಿ ದಾರಿ ತೋರಿಸಿದ್ದಾರೆ. ರಾಯರು ಇನ್ನೂ ಸರಳವಾಗಿರಲೆಂದು ನೋಂದಣಿ ಕಚೇರಿಗೆ ಹೊರಡುತ್ತಾರೆ. ಛತ್ರದವರು ಎರಡು ದಿನದಲ್ಲಿ ಮುಗಿಸಿಕೊಡುವ ಮದುವೆಗೆ 1954ರ ವಿಶೇಷ ವಿವಾಹ ಕಾಯ್ದೆ ಮೂವತ್ತು ದಿನದ ನೋಟಿಸು ಕೇಳುತ್ತದೆ, ಮೇಲೆ ಮೂವರು ಸಾಕ್ಷಿ. ಇರಲಿ, ಸರಳತೆಗೆ ತಾಳ್ಮೆ ಬೇಕು. ಆದರೆ ಕರೆಯದೆ ಬಿಟ್ಟ ಎಂಟುನೂರು ನೆಂಟರು ಎಲ್ಲಿಗೂ ಹೋಗಿರುವುದಿಲ್ಲ. ಒಂದೇ ಮಧ್ಯಾಹ್ನ ಛತ್ರದಲ್ಲಿ ಉಂಡು ಕೈತೊಳೆದು ಹೋಗಬೇಕಾಗಿದ್ದವರು ಮೂರು ನಾಲ್ಕು ಜನರಂತೆ ವರ್ಷವಿಡೀ ಮನೆಗೇ ಬರುತ್ತಾರೆ. ‘ನಮಗೊಂದು ಮಾತೂ ಹೇಳ್ಲಿಲ್ವಲ್ಲ!’ ಎಂಬ ಆಕ್ಷೇಪಣೆಗೆ ರಾಯರು ಆಡಂಬರದ ವಿರುದ್ಧ ಉಪನ್ಯಾಸ ಕೊಡುತ್ತಿರುವಾಗ ಒಳಗಡೆ ಆಕೆ ನಾನೂರನೆಯ ಕಾಫಿ ಬೆರೆಸುತ್ತಿರುತ್ತಾರೆ.

ಹಾಗಾದರೆ ಇದೆಲ್ಲ ಡಂಭಾಚಾರವೇ ಎಂದು ಕೇಳಬಹುದು. ಇನ್ನೂ ಖಾರವಾಗಿ ಕೇಳುವವರೂ ಇದ್ದಾರೆ: ಸ್ವಂತ ಮನೆ, ತಿಂಗಳಿಗೆ ಸರಿಯಾಗಿ ಬರುವ ಪಿಂಚಣಿ ಇದ್ದವರಿಗೆ ಮಾತ್ರ ಈ ಎದುರು ನಡಿಗೆ ಕಟ್ಟಿಸಿಟ್ಟ ಹಾದಿ, ಬಿಟಿಎಂ ಲೇಔಟಿನ ಪೇಯಿಂಗ್ ಗೆಸ್ಟ್ ಹುಡುಗಿ ‘ನಾನು ಫೋನು ಮುಟ್ಟುವುದಿಲ್ಲ’ ಎಂದರೆ ಮರುದಿನ ಅವಳ ಕೆಲಸವಿರುತ್ತದೆಯೇ? ಎರಡನೆಯ ಆಕ್ಷೇಪಣೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಊಟ ತಂದುಕೊಡುವ ಹುಡುಗನಿಗೆ ಮುಖ್ಯವಾಹಿನಿಯಿಂದ ದೂರ ಸರಿಯುವುದು ಎಂದರೆ ಅವತ್ತಿನ ಸಂಪಾದನೆಯಿಂದ ದೂರ ಸರಿಯುವುದೇ. ಆದರೆ ಡಂಭವೆಂಬ ಮೊದಲ ಆರೋಪ ಅಳತೆ ತಪ್ಪಿದೆ. ಅಳೆಯಲು ಒಳ್ಳೆಯ ಕೋಲು ಇಲ್ಲೇ ಹತ್ತಿರದ ಬಸವನಗುಡಿಯಲ್ಲಿದೆ. ಎಚ್. ನರಸಿಂಹಯ್ಯನವರು ಗೌರಿಬಿದನೂರಿನ ಹೊಸೂರಿನಿಂದ ಬಂದವರು, ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟ್ ಪಡೆದವರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಇಷ್ಟಾಗಿಯೂ ಬದುಕಿನ ಬಹುಭಾಗ ಕಳೆದದ್ದು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ. 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು, ಬೈಗುಳವೆಲ್ಲ ಅವರ ಹೆಸರಿಗೇ ಬಂತು. ಮದುವೆಯಾಗಿರಲಿಲ್ಲ, ಅವರ ಹಟಕ್ಕಾಗಿ ಇನ್ನೊಬ್ಬರು ಅಡುಗೆಮನೆಯಲ್ಲಿ ಬೇಯಬೇಕಾಗಲಿಲ್ಲ. ಅಷ್ಟೇ ಮುಖ್ಯವೆಂದರೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳಲಿಲ್ಲ. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿ ಊರನ್ನೇ ಒಳಕ್ಕೆ ಕರೆದರು. ಈ ಕೋಲಿನಲ್ಲಿ ರಾಯರು ಗಿಡ್ಡರೇ. ಗಿಡ್ಡರಾಗಿರುವುದು ಸುಳ್ಳಲ್ಲ ಎಂಬುದಷ್ಟೇ ನನ್ನ ವಾದ.

ಇನ್ನು ರಾಯರ ನಿಜವಾದ ಸಂಕಟಕ್ಕೆ ಬರೋಣ. ವಿರೋಧವನ್ನು ಅವರು ಅರಗಿಸಿಕೊಳ್ಳಬಲ್ಲರು, ಅರಗದಿರುವುದು ಒಪ್ಪಿಗೆ. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ತೊಂಬತ್ತರ ದಶಕದಲ್ಲೇ ಕಾವೇರಿ ನಲ್ಲಿ ಹಾಕಿಸದೆ ಮಳೆನೀರಿನ ಮೇಲೇ ಸಂಸಾರ ನಡೆಸಿ ತೋರಿಸಿದರು. ಆಗ ಕೊಡ, ಡ್ರಮ್ಮು ಜೋಡಿಸಿ ಸೂರಿನ ನೀರು ಹಿಡಿಯುತ್ತಿದ್ದ ರಾಯರನ್ನು ಕಂಡು ಬೀದಿ ನಗುತ್ತಿತ್ತು, ರಾಯರಿಗೆ ಜೀವ ಬರುತ್ತಿತ್ತು. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿಯಾಗಿ 2,400 ಚದರ ಅಡಿ ಮೇಲ್ಪಟ್ಟ ನಿವೇಶನದ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಜಯನಗರದಲ್ಲಿ ಅದಕ್ಕೊಂದು ಉದ್ಯಾನವನ್ನೇ ಮಾಡಿದರು. ರಾಯರು ರಾತ್ರೋರಾತ್ರಿ ಕಾನೂನು ಪಾಲಕರಾಗಿಬಿಟ್ಟರು! ನವಣೆಯದೂ ಹಾಗೇ ಆಯಿತು. ಬೀದಿಯೆಲ್ಲ ಸೋನಾ ಮಸೂರಿ ಉಣ್ಣುವಾಗ ಅವರದು ನವಣೆ ಅನ್ನ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ್ದೇ ತಡ, ಅದು ಡಬ್ಬಿಯೊಳಗೆ ಕೂತು ಹವಾನಿಯಂತ್ರಿತ ಅಂಗಡಿಯ ಕಪಾಟು ಏರಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 2025ರ ಜುಲೈಯಲ್ಲಿ. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡು ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿಕೊಂಡಿತು. ಇಷ್ಟು ವರ್ಷ ಹೇಳಿದ್ದು ನಿಜವಾದ ದಿನ ರಾಯರು ಹಬ್ಬ ಮಾಡಬೇಕಿತ್ತು. ಆದರೆ ಎಲ್ಲರ ಕೈಯಲ್ಲೂ ನೋಟು ಕಂಡಾಗ ಅವರ ಕೈಯ ನೋಟು ಬರೀ ನೋಟಾಯಿತು. ಚೀಟಿಗಳು ಕೆಲವು ವಾರದಲ್ಲಿ ಕಳಚಿಬಿದ್ದ ಮೇಲೆಯೇ ಅವರಿಗೆ ಹಸಿವು ಮರಳಿದ್ದು.

ಇಂಥವರನ್ನು ಬೀದಿ ಯಾಕೆ ಸಹಿಸಿಕೊಂಡಿದೆ ಎಂದರೆ, ಕಾರಣ ಉದಾರತೆಯೊಂದೇ ಇರಲಾರದು. ಟೋಕನ್ನಿನ ಕಿಂಡಿ, ಬ್ಯಾಂಕಿನ ಕೌಂಟರು, ಚಿಲ್ಲರೆ ಕೊಡುವ ಅಂಗಡಿ ಇವೆಲ್ಲ ತೆರೆದಿರಬೇಕಾದರೆ ಯಾರಾದರೂ ಹಟ ಹಿಡಿದು ಅಲ್ಲಿ ನಿಲ್ಲಬೇಕು. ನೆಟ್‌ವರ್ಕು ಕೈಕೊಟ್ಟ ಸಂಜೆ ಹಾಲಿನ ಬೂತಿನ ಮುಂದೆ ನಿಂತ ಸಾಫ್ಟ್‌ವೇರ್ ಹುಡುಗ ‘ಅಂಕಲ್, ಒಂದು ಐವತ್ತು ರೂಪಾಯಿ ಇದ್ಯಾ?’ ಎಂದು ಕೇಳುವುದು ಈ ರಾಯರನ್ನೇ. ಅವರು ಕೊಡುತ್ತಾರೆ, ಉಪನ್ಯಾಸದ ಸಮೇತ. ಹುಡುಗ ಮರುದಿನ ತೀರಿಸಲು ಬಂದಾಗ ರಾಯರ ಹತ್ತಿರ ಕ್ಯೂಆರ್ ಕೋಡು ಇರುವುದಿಲ್ಲವಾದ್ದರಿಂದ ಆ ಐವತ್ತು ಮನೆಯಾಕೆಯ ಖಾತೆಗೆ ಜಮೆಯಾಗುತ್ತದೆ. ಇದನ್ನು ಆಕೆ ಗಂಡನಿಗೆ ಹೇಳಿರುವುದಿಲ್ಲ.

ಆಕೆಯೂ ಕೆರೆ ಸುತ್ತುತ್ತಾರೆ, ಗೆಳತಿಯರ ಜೊತೆ, ಎಲ್ಲರಂತೆ ಪ್ರದಕ್ಷಿಣೆಯಾಗಿ. ಆದ್ದರಿಂದ ಪ್ರತಿ ಸುತ್ತಿನಲ್ಲಿ ದಂಪತಿಗಳು ಎರಡು ಸಲ ಎದುರಾಗುತ್ತಾರೆ. ಮೊದಲನೆಯ ಸಲ ಆಕೆ ನಡಿಗೆ ನಿಲ್ಲಿಸದೆ, ‘ರೀ, ಸಿಲಿಂಡರಿನವನು ಹೊರಟಿದ್ದಾನಂತೆ’ ಎನ್ನುತ್ತಾರೆ. ರಾಯರು ಕೇಳಿಸದವರಂತೆ ಕೊಕ್ಕರೆ ನೋಡುತ್ತಾರೆ. ಕೆರೆಯ ಆ ಬದಿಯಲ್ಲಿ ಮತ್ತೆ ಎದುರಾದಾಗ ಆಕೆ ನಾಲ್ಕು ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಹೇಳಿ ಮುಂದೆ ಹೋಗುತ್ತಾರೆ. ಆ ಅಂಕಿಗಳನ್ನು ಬಾಯಲ್ಲೇ ಜಪಿಸುತ್ತ ರಾಯರು ಮನೆ ಕಡೆಯ ಗೇಟಿಗೆ ತಿರುಗುತ್ತಾರೆ. ಎದುರು ಬಂದವರು, ಪಾಪ, ಏನೋ ಸ್ತೋತ್ರವಿರಬೇಕೆಂದುಕೊಂಡು ದಾರಿ ಬಿಡುತ್ತಾರೆ.