ರಸ್ತೆ ಕೇಳಬೇಡಿ, ವರದಿ ಇದೆ

ಸರ್ಜಾಪುರ ರಸ್ತೆಯಲ್ಲಿ ಇನ್ನೊಂದು ಟವರ್ ಏಳುತ್ತಿದೆ. ಮನೆಗಳ ಲೆಕ್ಕ ಸಾವಿರ ದಾಟಿದೆ. ಬೇಸ್‌ಮೆಂಟ್ ಮೂರು. ರಸ್ತೆ ಒಂದೇ, ಅದೂ ಹಳೆಯದು.

ಗಾಬರಿ ಬೇಡ. ಟ್ರಾಫಿಕ್ ಸ್ಟಡಿ ಆಗಿದೆ.

20,000 ಚದರ ಮೀಟರ್ ಮುಟ್ಟಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು ಎನ್ನುತ್ತದೆ 2006ರ ಅಧಿಸೂಚನೆ. ಅರ್ಜಿಯ ಜೊತೆ ದಪ್ಪನೆಯ ಕಂತೆ. ಅದರಲ್ಲಿ ವಾಹನ ದಟ್ಟಣೆಗೂ ಒಂದು ಅಧ್ಯಾಯ. ಬರೆಯುವವರು ಕನ್ಸಲ್ಟೆಂಟ್. ಅವರ ಬಿಲ್ಲು ಕಟ್ಟುವವರು ಬಿಲ್ಡರ್. ಪರೀಕ್ಷೆಗೆ ಕೂತ ಹುಡುಗನೇ ಮೌಲ್ಯಮಾಪಕರಿಗೆ ಸಂಬಳ ಕೊಡುವ ಪದ್ಧತಿ ನಮ್ಮ ವಿಶ್ವವಿದ್ಯಾಲಯಗಳಿಗೂ ಇನ್ನೂ ಹೊಳೆದಿಲ್ಲ.

ಈ ಅಧ್ಯಾಯದಲ್ಲಿ ರಸ್ತೆಗೆ ದರ್ಜೆ ಕೊಡುತ್ತಾರೆ. ‘ಎ’ಯಿಂದ ‘ಎಫ್’ವರೆಗೆ. ‘ಎ’ ಅಂದರೆ ಸರಾಗ. ‘ಎಫ್’ ಅಂದರೆ ಇಬ್ಲೂರು ಜಂಕ್ಷನ್. ಹೊಸ ಕಟ್ಟಡ ಬಂದರೆ ದರ್ಜೆ ಇಳಿಯುತ್ತದೆಯೇ? ಇಳಿದರೂ ಒಂಚೂರು, ಅಷ್ಟೇ. ರಸ್ತೆ ಆಗಲೇ ‘ಎಫ್’ ಆಗಿದ್ದರಂತೂ ಬಿಲ್ಡರ್‌ಗೆ ಹಬ್ಬ. ಅದಕ್ಕಿಂತ ಕೆಳಗೆ ದರ್ಜೆಯೇ ಇಲ್ಲ. ಫೇಲಾದ ರಸ್ತೆಯನ್ನು ಮತ್ತೆ ಫೇಲು ಮಾಡಲು ಯಾರಿಂದ ಸಾಧ್ಯ?

ಪ್ರತಿ ಕಂತೆಯಲ್ಲೂ ಟವರ್ ಒಂಟಿ, ಕಾಡಿನ ನಡುವೆ ನಿಂತ ಹಾಗೆ. ಎಡಗಡೆಯವನು ತನ್ನ ಕಾರು ಎಣಿಸಿ ಪರಿಣಾಮ ಅಲ್ಪ ಎನ್ನುತ್ತಾನೆ. ಬಲಗಡೆಯವನದ್ದೂ ಅಲ್ಪ. ಹಿಂದುಗಡೆಯವನದ್ದು ಅತ್ಯಲ್ಪ. ಈ ಅಲ್ಪಗಳೆಲ್ಲ ಬೆಳಿಗ್ಗೆ ಎಂಟೂವರೆಗೆ ದೊಡ್ಡಕನ್ನೆಲ್ಲಿ ಸಿಗ್ನಲ್ಲಿನಲ್ಲಿ ಹಾರ್ನ್ ಹೊಡೆಯುತ್ತಾ ನಿಂತಿರುತ್ತವೆ. ಕೂಡಿಸಿ ನೋಡುವವರು ಯಾರೂ ಕಾಣುವುದಿಲ್ಲ.

ಪರಿಸರದವರ ಮುಂದೆ ‘ಅಲ್ಪ’ ಎಂದವರು ಗಿರಾಕಿಯ ಮುಂದೆ ಏನು ಹೇಳುತ್ತಾರೆ? ಕೇಳೋಣ ಅಂತ ಒಂದು ಸೇಲ್ಸ್ ಆಫೀಸಿಗೆ ಹೋಗಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಟವರಿನ ಮಾದರಿ. ಒಳಗೆ ನೀಲಿ ಬಣ್ಣದ ಈಜುಕೊಳ. ಮುಂದಿನ ರಸ್ತೆಯಲ್ಲಿ ಎರಡೇ ಎರಡು ಆಟಿಕೆ ಕಾರು, ಎರಡೂ ಬಿಳಿ. ಗುಂಡಿ ಇಲ್ಲ, ಹಸು ಇಲ್ಲ, ನೀರಿನ ಟ್ಯಾಂಕರ್ ಇಲ್ಲ.

“ರಿಂಗ್ ರೋಡಿಗೆ ಹತ್ತೇ ನಿಮಿಷ ಸಾರ್,” ಅಂದ ಹುಡುಗ.

“ಯಾವಾಗ ಹೊರಟ್ರೆ ಅಪ್ಪಾ?”

“ಭಾನುವಾರ ಬೆಳಿಗ್ಗೆ ಸಾರ್.” ಪಾಪ, ಸುಳ್ಳು ಹೇಳಲು ಇನ್ನೂ ಕಲಿತಿಲ್ಲ.

“ನೀನು ದಿನಾ ಹೇಗೆ ಬರ್ತೀಯ?”

“ಬೈಕು ಸಾರ್. ಫುಟ್‌ಪಾತ್ ಸಿಕ್ಕರೆ ಬೇಗ ಬರ್ತೀನಿ.”

ಆಮೇಲೆ ಮೆಟ್ರೋ ತೋರಿಸಿದ. ಗೋಡೆಯ ಮೇಲೆ. ಹೆಬ್ಬಾಳದಿಂದ ಸರ್ಜಾಪುರಕ್ಕೆ ಸುಮಾರು 37 ಕಿ.ಮೀ. ಮಾರ್ಗ. ರಾಜ್ಯ ಸಚಿವ ಸಂಪುಟ 2024ರ ಡಿಸೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಒಂದು ಕಂಬ ಏಳುವ ಮೊದಲೇ ಆ ಮೆಟ್ರೋ ಫ್ಲ್ಯಾಟಿನ ರೇಟಿನೊಳಗೆ ಓಡಾಡತೊಡಗಿತು. ಪೆರಿಫೆರಲ್ ರಿಂಗ್ ರೋಡ್ ಕಥೆಯೂ ಇದೇ. ಅಂತಿಮ ಅಧಿಸೂಚನೆ 2007ರದ್ದು. ರೈತರ ಜಮೀನು ಅಂದಿನಿಂದ ಕಾಗದದಲ್ಲಿ ಸಿಕ್ಕಿಬಿದ್ದಿದೆ. ಆಮೇಲೆ ಸರ್ಕಾರಕ್ಕೆ ಜ್ಞಾನೋದಯವಾಗಿ ಹೆಸರು ಬದಲಾಯಿಸಿತು. ಈಗದು ಬೆಂಗಳೂರು ಬಿಸಿನೆಸ್ ಕಾರಿಡಾರ್.

ನಿಯಮ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಫ್ಲ್ಯಾಟಿಗೆ ಇಂತಿಷ್ಟು ಕಾರು ನಿಲ್ಲಿಸುವ ಜಾಗ ಕಡ್ಡಾಯ. ನೆಂಟರ ಕಾರಿಗೂ ಜಾಗ ಕಡ್ಡಾಯ. ಆ ಕಾರು ಗೇಟು ದಾಟಿದ ಮೇಲೆ ಓಡುವ ಜಾಗ ಮಾತ್ರ ಕಡ್ಡಾಯವಲ್ಲ. ಪ್ರೀಮಿಯಂ ಎಫ್‌ಎಆರ್ ಅಂತ ಇನ್ನೊಂದು ಬಂದಿದೆ. ದುಡ್ಡು ಕಟ್ಟಿದರೆ ಕಟ್ಟಡ ಇನ್ನಷ್ಟು ಎತ್ತರಕ್ಕೆ ಬೆಳೆಯುತ್ತದೆ. ರಸ್ತೆ ಅಗಲಕ್ಕೆ ಬೆಳೆಯುವ ಪ್ರೀಮಿಯಂ ಇನ್ನೂ ಬಂದಿಲ್ಲ.

ಮಾಸ್ಟರ್ ಪ್ಲಾನ್? ಇದೆಯಲ್ಲ. 2007ರಲ್ಲಿ ಒಪ್ಪಿದ್ದು, ಹೆಸರು 2015. ಅದರ ನಂತರದ್ದು 2031ರ ಹೆಸರಿನಲ್ಲಿ ಕರಡಾಗಿ ಬಂತು, 2020ರಲ್ಲಿ ವಾಪಸ್ ಹೋಯಿತು. ಊರು ಎಲ್ಲಿಗೆ ಬೆಳೆಯಬೇಕೆಂದು ಈಗ ಬಿಲ್ಡರುಗಳೇ ಹೇಳುತ್ತಾರೆ. ಹೋರ್ಡಿಂಗ್ ಓದಿಕೊಳ್ಳಿ.

ನಿವಾಸಿಗಳ ಆತಂಕ ಕೇಳುವವರು ಯಾರು? ಅದಕ್ಕೂ ಕಾನೂನಿನಲ್ಲಿ ಉತ್ತರವಿದೆ. ಅದೇ 2006ರ ಅಧಿಸೂಚನೆ ಕಟ್ಟಡ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಕೊಟ್ಟಿದೆ. ಗಣಿ ತೋಡುವವನು ಊರವರ ಮುಂದೆ ಬಂದು ಬೈಸಿಕೊಳ್ಳಬೇಕು. ಸಾವಿರ ಮನೆ ಕಟ್ಟುವವನಿಗೆ ಆ ಕಾಟವಿಲ್ಲ. ಕಾರ್ಪೊರೇಟರ್ ಹತ್ತಿರ ಹೋಗೋಣವೆಂದರೆ, 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದು ಮನೆಗೆ ಹೋದವರ ಜಾಗ ವರ್ಷಗಟ್ಟಲೆ ಖಾಲಿ ಬಿತ್ತು. ಅಷ್ಟರಲ್ಲಿ ಇದ್ದ ಒಂದು ಪಾಲಿಕೆಯನ್ನು ಒಡೆದು ಐದು ಮಾಡಿದರು. ಸಾಗಹಾಕಲು ಇನ್ನು ನಾಲ್ಕು ಕಚೇರಿ ಹೆಚ್ಚು.

2025ರ ಸೆಪ್ಟೆಂಬರ್ ನೆನಪಿದೆಯೇ? ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಜೀಂ ಪ್ರೇಮ್‌ಜಿಯವರಿಗೆ ಕಾಗದ ಬರೆದರು. ನಿಮ್ಮ ಸರ್ಜಾಪುರದ ವಿಪ್ರೊ ಕ್ಯಾಂಪಸ್ಸಿನೊಳಗೆ ವಾಹನ ಬಿಡಿ, ಪಕ್ಕದ ಹೊರ ವರ್ತುಲ ರಸ್ತೆಯ ದಟ್ಟಣೆ ಶೇ. 30ರಷ್ಟು ಇಳಿದೀತು ಅಂತ. ರಾಜ್ಯದ ದೊರೆ ರಸ್ತೆಗಾಗಿ ಕಂಪನಿಯ ಗೇಟಿನಲ್ಲಿ ಕೈಯೊಡ್ಡಿ ನಿಂತ ದೃಶ್ಯ! ಪ್ರೇಮ್‌ಜಿ ವಿನಯದಿಂದ ಒಲ್ಲೆ ಎಂದರು. ಖಾಸಗಿ ಜಾಗ, ವಿಶೇಷ ಆರ್ಥಿಕ ವಲಯ, ಹೊರಗಿನ ವಾಹನ ಬಿಡಲಾಗದು. ಬದಲಿಗೆ ಏನು ಕೊಡಲು ಮುಂದಾದರು ಗೊತ್ತೇ? ವೈಜ್ಞಾನಿಕ ಅಧ್ಯಯನದ ಖರ್ಚಿನಲ್ಲಿ ದೊಡ್ಡ ಪಾಲು. ಈ ಊರಿನಲ್ಲಿ ರಸ್ತೆ ಕೊಡುವವರು ಯಾರೂ ಇಲ್ಲ. ಸ್ಟಡಿ ಕೊಡುವವರು ಎಷ್ಟು ಬೇಕಾದರೂ ಇದ್ದಾರೆ.

ಪ್ರೇಮ್‌ಜಿ ಗೇಟು ತೆಗೆಯಲಿಲ್ಲವೆಂದು ನಮ್ಮವರು ವಾರಗಟ್ಟಲೆ ಬೈದರು. ಬೈದವರ ಲೇಔಟಿನ ಗೇಟು ನೋಡಿ ಬನ್ನಿ. ‘ಹೊರಗಿನ ವಾಹನಗಳಿಗೆ ಪ್ರವೇಶವಿಲ್ಲ.’ ಒಳಗಿನ ರಸ್ತೆ ಎಂದೋ ಪಾಲಿಕೆಗೆ ಬಿಟ್ಟುಕೊಟ್ಟದ್ದು. ಆದರೂ ಸೆಕ್ಯೂರಿಟಿಯವನು ಹೆಸರು, ಫ್ಲ್ಯಾಟ್ ನಂಬರು ಬರೆಸಿಕೊಳ್ಳದೆ ಬಿಡ.

ಹೊಸ ಟವರಿನ ವಿರುದ್ಧ ಬ್ಯಾನರ್ ಹಿಡಿದವರೂ ಇವರೇ. ಕೆಲವೇ ವರ್ಷಗಳ ಹಿಂದೆ ಬಂದ ಟವರಿನವರು. ಇವರು ಬಂದಾಗ ಗೊಣಗಿದವರು ಅದಕ್ಕೂ ಮುಂಚೆ ಬಂದ ವಿಲ್ಲಾದವರು. ಎಲ್ಲರ ಮೇಲೂ ಗೊಣಗುವ ಹಕ್ಕಿದ್ದ ಹಳ್ಳಿಯವರು ಹಸು ಮಾರಿ, ಪಿಜಿ ಕಟ್ಟಿಸಿ ಸುಮ್ಮನಾಗಿದ್ದಾರೆ.

ಮೊನ್ನೆ ಈ ಬ್ಯಾನರಿನವರ ಕ್ಲಬ್‌ಹೌಸಿನಲ್ಲಿ ಮೀಟಿಂಗ್ ಇತ್ತು. ಎಸಿ ಚೆನ್ನಾಗಿತ್ತು. ಮಾತಾಡಿದವರಲ್ಲಿ ಬಹಳಷ್ಟು ಜನರಿಗೆ ಎರಡೆರಡು ಕಾರು. ಒಬ್ಬರು ಮೂರನೆಯದನ್ನು ನಿಲ್ಲಿಸಲು ವಿಸಿಟರ್ ಪಾರ್ಕಿಂಗ್ ಕೇಳಿದರು, ದಟ್ಟಣೆಯ ಬಗ್ಗೆ ಕಣ್ಣೀರು ಹಾಕಿದ ಮೇಲೆ. ಅದೇ ಹೊತ್ತಿಗೆ ಮನೆಗೆಲಸದ ಹೆಂಗಸರು ಹೊರಗೆ ಚರಂಡಿಯ ಅಂಚಿನಲ್ಲಿ, ಟ್ಯಾಂಕರ್ ಬಂದಾಗೆಲ್ಲ ನಿಂತು, ನಡೆದು ಹೋಗುತ್ತಿದ್ದರು. ಅವರನ್ನು ಮೀಟಿಂಗಿಗೆ ಕರೆದಿರಲಿಲ್ಲ. ವರದಿಯೂ ಕರೆಯುವುದಿಲ್ಲ. ಅಲ್ಲಿ ಎಲ್ಲವನ್ನೂ ಕಾರಿನ ಅಳತೆಗೆ ಇಳಿಸುತ್ತಾರೆ. ಬೈಕು ಅರ್ಧ ಕಾರು. ಬಸ್ಸು ಸುಮಾರು ಮೂರು ಕಾರು, ಒಳಗೆ ಅರವತ್ತು ಜನ ಜೋತಾಡಿದರೂ ಅಷ್ಟೇ. ನಡೆಯುವವಳು ಸೊನ್ನೆ.

ಕೊನೆಗೆ ಠರಾವು ಆಯಿತು. ಫ್ಲ್ಯಾಟಿಗೆ ಇಂತಿಷ್ಟು ಅಂತ ಚಂದಾ ಎತ್ತಿ ನಾವೂ ಒಂದು ಟ್ರಾಫಿಕ್ ಸ್ಟಡಿ ಮಾಡಿಸುವುದು. ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಲ್ಲಿ ರಿಟೈರಾದ ಮೇಷ್ಟ್ರೊಬ್ಬರು ಕೂತಿದ್ದರು. ಮೆಲ್ಲಗೆ ಕೈ ಎತ್ತಿದರು. “ಬಿಎಂಟಿಸಿಗೆ ಬರೆದು ನಮ್ಮ ಗೇಟಿನ ಹತ್ತಿರ ಒಂದು ಬಸ್ ಸ್ಟಾಪ್ ಹಾಕಿಸಬಹುದಲ್ವಾ?”

ಕಾರ್ಯದರ್ಶಿ ಮೈಕು ಎತ್ತಿಕೊಂಡ. “ಗೇಟಿನ ಹತ್ತಿರ ಬೇಡ ಅಂಕಲ್. ಟ್ರಾಫಿಕ್ ಆಗುತ್ತೆ.”