ಮೀನು ಯಾರಪ್ಪಂದು?: ಕೆರೆಯಮ್ಮನ ಜೊತೆ ಮಾತುಕತೆ

ಹಾಸನ ತಾಲ್ಲೂಕಿನ ಮೊಸಳೆ ಸೀಮೆಯ ಹಳೆಯ ಕೆರೆಯೊಂದು ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಮಾತಿಗೆ ಸಿಕ್ಕಿತು. ಹೆಸರು ಹೊರಬಿದ್ದರೆ ಸರ್ವೆಯವರು ಬರುತ್ತಾರೆ, ಅವರು ಬಂದು ಹೋದಮೇಲೆ ಇನ್ನೆರಡು ಎಕರೆ ಕರಗುತ್ತದೆ ಎಂಬ ಭಯ.

ಕೆರೆಯಮ್ಮ, ವಯಸ್ಸೆಷ್ಟು?

ಮೊಸಳೆಯಲ್ಲಿ ನಾಗೇಶ್ವರ, ಚನ್ನಕೇಶವರ ಜೋಡಿ ಗುಡಿ ಎದ್ದಾಗ, 1200ರ ಸುಮಾರು, ನಂಗೆ ಕೋಡಿ ಬೀಳೋ ಪ್ರಾಯ. ಈಗ ಅವಕ್ಕೆ ರಕ್ಷಿತ ಸ್ಮಾರಕ ಅನ್ನೋ ನೀಲಿ ಬೋರ್ಡು. ನಂಗೆ ಜಾಲಿ.

ಆಗ ಮಾಲೀಕರು ಯಾರು?

ಕೊಟ್ಟೋರು ಅರಸರು, ತಗೊಂಡೋರು ಅಗ್ರಹಾರದೋರು. ದಾನಶಾಸನದಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಅಂತ ಎಂಟು ಭೋಗದ ಪಟ್ಟಿ ಇರ್ತಿತ್ತಲ್ಲ, ಆ ‘ಜಲ’ದ ಲೆಕ್ಕದಲ್ಲಿ ನಾನೂ ಹೋದೆ. ನನ್ನನ್ನ ಯಾರು ಕೇಳಿದ್ರು?

ಯುರೋಪಿನ ಮಠಗಳು ಆ ಕಾಲಕ್ಕೇ ಮೀನಿನ ಕೊಳ ತೋಡಿಸಿದ್ದವಂತೆ.

ಶುಕ್ರವಾರ ಮಾಂಸ ಕೂಡದು, ಮೀನು ನಡೀತದೆ ಅಂತ ಸನ್ಯಾಸಿಗಳೇ ಸಾಕಿದ್ರಂತೆ. ಜಾಣರು! ನಮ್ಮ ಅಗ್ರಹಾರದೋರು ಮೀನು ಮುಟ್ಟೋರಲ್ಲ, ನೀರಿನ ಹಕ್ಕು ಬಿಡೋರೂ ಅಲ್ಲ. ನನ್ನನ್ನ ಕಟ್ಟಿಸಿದ್ದು ಭತ್ತಕ್ಕೆ. ಮೀನು ಮಳೆಗಾಲದಲ್ಲಿ ಹಳ್ಳ ಹತ್ತಿ ತಾನೇ ಬರೋದು. ಕೋಡಿ ಹರಿದ ರಾತ್ರಿ ಕೂಳಿ ಒಡ್ಡಿ ಕಾಯ್ತಿದ್ದೋರ ಹೆಸರು ಯಾವ ಕಲ್ಲಿಗೂ ಹತ್ತಲಿಲ್ಲ.

ಅರಸರಿಗೆ ಮೀನಿನ ಗೊಡವೆ ಇರಲಿಲ್ಲವೆ?

ಇಲ್ದೆ ಏನು? ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೊಂದು ಅಧ್ಯಾಯ ಇಟ್ಟ. ಗಾಳ ಹೇಗಿರಬೇಕು, ಯಾವ ಮೀನಿಗೆ ಯಾವ ಎರೆ, ಎಲ್ಲಾ ಸಂಸ್ಕೃತದಲ್ಲಿ. ನಮ್ಮ ಕೊರವ ಮೀನಿಗೆ ಸಂಸ್ಕೃತ ಬರಲ್ಲ, ಎರೆಹುಳಕ್ಕೇ ಬೀಳ್ತಿತ್ತು.

ರಿಪೇರಿ ಯಾರು ಮಾಡಿಸುತ್ತಿದ್ದರು?

ಬಿತ್ತುವಟ್ಟ ಅಂತಿತ್ತು ಕಣಪ್ಪ. ನನ್ನ ನೀರು ಕುಡಿದ ಗದ್ದೆಯಿಂದ ಒಂದು ಪಾಲು ನನಗೇ ಮೀಸಲು. ಹೂಳೆತ್ತೋಕೆ, ತೂಬು ಬಿಗಿ ಮಾಡೋಕೆ, ಏರಿಗೆ ಮಣ್ಣು ಹಾಕೋಕೆ.

ಈಗ?

ಈಗ ಮೀನಿನ ಹರಾಜು. ಕಾಟ್ಲಾ, ರೋಹು ನಿಂತ ನೀರಲ್ಲಿ ಮರಿ ಮಾಡಲ್ಲ, ಅದಕ್ಕೇ ವರ್ಷಾ ವರ್ಷಾ ಮರಿ ತಂದು ಸುರೀತಾರೆ. ಜೊತೆಗೆ ಆ ಸನ್ಯಾಸಿಗಳು ಸಾಕಿದ್ದ ಜಾತಿಯ ಗೆಂಡೆ. ಮಠ ಬಿಟ್ಟು ಸಂಸಾರಕ್ಕೆ ಬಿದ್ದಿದೆ, ಪಾಪ. ಹರಾಜು ಕೂಗೋ ದಿನ ಏರಿ ತುಂಬಾ ಜನ. ಹೂಳು ಅಂದ್ರೆ ಒಬ್ಬನೂ ಇಲ್ಲ. ನೀರು ಒಂದು ಇಲಾಖೇದು, ಮೀನು ಇನ್ನೊಂದರದು, ಒತ್ತುವರಿ ಯಾರದೂ ಅಲ್ಲ.

ಬೇಡಿಕೆ ಏನಾದರೂ?

ಮೀನಿನ ದುಡ್ಡಲ್ಲಿ ನನ್ನ ಬಿತ್ತುವಟ್ಟ ಮೊದಲು ಮುರ್ಕೊಳ್ಳಲಿ, ಆಮೇಲೆ ಮಿಕ್ಕಿದ್ದು ಹಂಚ್ಕೊಳ್ಳಲಿ. ಹಾಂ, ತೂಬಿನ ಹತ್ರ ನಿಂತಿರೋ ನಿಮ್ಮ ಫೋಟೋದವನಿಗೆ ಹೇಳಪ್ಪ, ಅದು ನೆಲ ಅಲ್ಲ, ಹೂಳು. ಮೊಣಕಾಲವರೆಗೂ ಇಳಿದಾಗಿದೆ.