ಮುರಿದ ಬೋಲ್ಟಿನ ಮೀಮಾಂಸೆ: ಮಂಡ್ಯ, ಮದ್ದೂರು, ಮಳವಳ್ಳಿ ಪಂಥಗಳ ತೌಲನಿಕ ಅಧ್ಯಯನ

ಸ್ವಂತ ಅಂಗಳದಲ್ಲಿ ಸ್ವಂತ ಕಾರನ್ನು ಸ್ವಂತ ಧೈರ್ಯದಿಂದ ರಿಪೇರಿ ಮಾಡಲು ಹೊರಡುವ ಗೃಹಸ್ಥನನ್ನು ಈ ಪ್ರಬಂಧದಲ್ಲಿ ‘ಕರ್ತೃ’ ಎಂದೂ, ಅವನಿಗೆ ಅಡ್ಡ ನಿಲ್ಲುವ ತುಕ್ಕು ಹಿಡಿದ ಬೋಲ್ಟನ್ನು ‘ಕರ್ಮ’ ಎಂದೂ ಕರೆಯಲಾಗಿದ್ದು, ಇವೆರಡರ ನಂತರ ಬರಬೇಕಾದ ಕ್ರಿಯಾಪದವು ಬಹುತೇಕ ಸಂದರ್ಭಗಳಲ್ಲಿ ಸಂಜೆಯಾದರೂ ಬರುವುದಿಲ್ಲ. ಸಸ್ಪೆನ್ಷನ್ ಎಂದರೆ ಹಂಪಿನ ಏಟು ಪ್ರಯಾಣಿಕರ ಬೆನ್ನುಮೂಳೆಗೆ ನೇರವಾಗಿ ತಲುಪದಂತೆ ಚಕ್ರಕ್ಕೂ ಕಾರಿನ ಮೈಗೂ ನಡುವೆ ನಿಂತಿರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಮತ್ತು ಲೋಯರ್ ಆರ್ಮ್‌ಗಳ ಒಕ್ಕೂಟ. ಲೋಯರ್ ಆರ್ಮ್ ಎಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಉಕ್ಕಿನ ತೋಳು. ಆ ತೋಳಿನ ಬುಡದಲ್ಲಿ ಬುಷ್ ಎಂಬ ರಬ್ಬರಿನ ಉಂಡೆ, ಉಂಡೆಯ ನಡುವೆ ಸಣ್ಣದೊಂದು ಉಕ್ಕಿನ ಕೊಳವೆ, ಕೊಳವೆಯೊಳಗೆ ಬೋಲ್ಟು. ಬದಲಿಸಬೇಕಾದದ್ದು ನಾಲ್ಕು ಬೆರಳಗಲದ ರಬ್ಬರು ಮಾತ್ರವಾಗಿದ್ದರೂ, ಅದನ್ನು ತಲುಪುವ ದಾರಿ ಈ ಬೋಲ್ಟಿನ ಮೂಲಕವೇ ಹೋಗುತ್ತದೆ ಎಂಬುದು ಸಮಸ್ಯೆಯ ಬೀಜ.

ತುಕ್ಕಿನ ಕಾರಣವನ್ನು ರಸಾಯನಶಾಸ್ತ್ರವು ಕಬ್ಬಿಣ, ನೀರು, ಆಮ್ಲಜನಕ ಎಂಬ ಮೂರೇ ಪದಗಳಲ್ಲಿ ಮುಗಿಸಿಬಿಡುತ್ತದೆಯಾದರೂ, ಮಂಡ್ಯ ಜಿಲ್ಲೆಯ ತುಕ್ಕನ್ನು ಕನ್ನಂಬಾಡಿ ಕಟ್ಟೆಯ ಪ್ರಸ್ತಾಪವಿಲ್ಲದೆ ವಿವರಿಸುವುದು ಅಶಾಸ್ತ್ರೀಯವಾಗುತ್ತದೆ. 1911ರಲ್ಲಿ ನಿರ್ಮಾಣ ಆರಂಭವಾದ ಆ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು 1930ರ ದಶಕದಲ್ಲಿ ಒಣಭೂಮಿಯನ್ನು ಗದ್ದೆಯಾಗಿಸಿತು; ಗದ್ದೆಗೆ ಭತ್ತವೂ ಕಬ್ಬೂ ಬಂದವು; ಕಬ್ಬಿಗಾಗಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು; ಕಾಲಕ್ರಮದಲ್ಲಿ ಬಂದ ಟ್ರ್ಯಾಕ್ಟರು ಗದ್ದೆಯಿಂದ ಟಾರು ರಸ್ತೆಗೆ ಹತ್ತುವಾಗ ಚಕ್ರದ ಕೆಸರನ್ನು ಅಲ್ಲಿಯೇ ಕೊಡವಿ ಮುಂದೆ ಹೋಯಿತು; ಹಿಂದೆ ಬಂದ ಕಾರು ಆ ಕೆಸರನ್ನು ಲೋಯರ್ ಆರ್ಮಿನ ಮೇಲೆ ಹೊತ್ತು ಮನೆಗೆ ತಂದಿತು. ಕಾರು ತೊಳೆಯುವವರು ಕಣ್ಣಿಗೆ ಕಾಣುವ ಭಾಗವನ್ನು ಮಾತ್ರ ತೊಳೆಯುತ್ತಾರಾದ್ದರಿಂದ, ಬಾನೆಟ್ ಫಳಫಳಿಸುವ ಕಾರಿನ ಅಡಿಯಲ್ಲಿಯೂ ಕೆಸರಿನ ಹೆಂಟೆಗಳು ದಿನಗಟ್ಟಲೆ ತೇವ ಹಿಡಿದುಕೊಂಡು ಕೂತಿರುತ್ತವೆ. ಹಾಗೆಂದು ಬೋಲ್ಟು ಮುರಿದ ಗೃಹಸ್ಥನು ನಾಲೆಯನ್ನು ದೂರುವಂತಿಲ್ಲ. ಕಾರು ಕೊಳ್ಳುವಷ್ಟು ದುಡ್ಡು ಅವನ ಮನೆಗೆ ಹರಿದದ್ದೂ ಪ್ರಾಯಶಃ ಅದೇ ತೂಬಿನಿಂದ. ಸುಮಾರು 1600 ವರ್ಷಗಳಿಂದ ಬಯಲಲ್ಲಿ ನಿಂತೂ ತುಕ್ಕಿಗೆ ಬಗ್ಗದ ದೆಹಲಿಯ ಕಬ್ಬಿಣದ ಸ್ತಂಭವನ್ನು ಇಲ್ಲಿ ಪ್ರತಿವಾದವಾಗಿ ಮುಂದಿಡುವವರುಂಟು. ಆದರೆ ಆ ಸ್ತಂಭಕ್ಕೆ ಥ್ರೆಡ್ಡಿಲ್ಲ, ಅದನ್ನು ಬಿಚ್ಚುವ ಅಗತ್ಯವೂ ಇದುವರೆಗೆ ಯಾರಿಗೂ ಬಿದ್ದಿಲ್ಲ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವ ಪದಾರ್ಥ. ಬುಷ್ಷಿನ ಕೊಳವೆಗೂ ಬೋಲ್ಟಿಗೂ ನಡುವಿನ ಸಂದು ಕಾಗದದಷ್ಟು ತೆಳುವಾಗಿರುವುದರಿಂದ, ಅಲ್ಲಿ ಹುಟ್ಟಿದ ತುಕ್ಕು ಎರಡನ್ನೂ ಒತ್ತಿ ಒಂದೇ ಸಲಾಕೆಯಂತೆ ಮಾಡಿಬಿಡುತ್ತದೆ. ಇದರ ಪರಿಣಾಮವು ಮೊದಮೊದಲು ಆಶಾದಾಯಕವಾಗಿಯೇ ಕಾಣುತ್ತದೆ: ಸ್ಪ್ಯಾನರ್ ಹಾಕಿ ಎಳೆದಾಗ ಬೋಲ್ಟಿನ ತಲೆ ಕಾಲು ಸುತ್ತು ತಿರುಗುತ್ತದೆ, ಕರ್ತೃವಿನ ಮುಖ ಅರಳುತ್ತದೆ, ಸ್ಪ್ಯಾನರ್ ಬಿಟ್ಟೊಡನೆ ತಲೆ ಮತ್ತೆ ಸ್ವಸ್ಥಾನಕ್ಕೆ ಹೊರಳಿಕೊಳ್ಳುತ್ತದೆ. ತಿರುಗಿದ್ದು ಬೋಲ್ಟಲ್ಲ, ಕೊಳವೆಯ ಸಮೇತ ತಿರುಚಿಕೊಂಡ ರಬ್ಬರು.

ಮುರಿಯುವ ಗಳಿಗೆಯನ್ನು ಗುರುತಿಸುವಲ್ಲಿ ಶಬ್ದವೇ ಪರಮಪ್ರಮಾಣ. ‘ಕಿರ್’ ಎಂದು ಒಣಗಿದ ಸದ್ದು ಬಂದರೆ ತುಕ್ಕಿನ ಹಿಡಿತ ಬಿಡುತ್ತಿದೆ ಎಂದರ್ಥ. ಸದ್ದೇ ಇಲ್ಲದೆ, ಸ್ಪ್ಯಾನರ್ ಮೆತ್ತಗೆ, ಅತ್ಯಂತ ಸಹಕಾರಯುತವಾಗಿ ತಿರುಗತೊಡಗಿದರೆ ಉಕ್ಕಿನ ಕುತ್ತಿಗೆ ಹಿಗ್ಗುತ್ತಿದೆ ಎಂದು ತಿಳಿದು ಕೈ ತೆಗೆಯತಕ್ಕದ್ದು. ಆದರೆ ಈ ಹಂತದಲ್ಲಿ ಕೈ ತೆಗೆದ ಉದಾಹರಣೆ ಅಪರೂಪವಾಗಿದ್ದು, ಹಿತ್ತಲಿನಲ್ಲಿ ಬಿದ್ದಿದ್ದ ಬೋರ್‌ವೆಲ್ಲಿನ ಹಳೆಯ ಪೈಪನ್ನು ಸ್ಪ್ಯಾನರಿಗೆ ತೊಡಿಸುವುದೇ ವಾಡಿಕೆ. 60 ಕಿಲೋ ತೂಕದ ಮನುಷ್ಯ ಒಂದು ಮೀಟರ್ ಉದ್ದದ ಪೈಪಿನ ತುದಿಗೆ ತನ್ನ ಭಾರವನ್ನೆಲ್ಲ ಬಿಟ್ಟರೆ ಹುಟ್ಟುವ ತಿರುಚುಬಲ ಸುಮಾರು 590 ನ್ಯೂಟನ್ ಮೀಟರ್; 12 ಮಿಲಿಮೀಟರಿನ ಬೋಲ್ಟನ್ನು ಕತ್ತರಿಸಲು ಅದರ ಕಾಲು ಭಾಗವೇ ಸಾಕು. ಪೈಪು ತಂದ ದಿನ ಬೋಲ್ಟು ಮುರಿಯುವುದು ವಿಧಿಯಲ್ಲ, ಲೆಕ್ಕ.

ಬೋಲ್ಟು ಮುರಿದೊಡನೆ ಸಭೆ ಸೇರುತ್ತದೆ. ಹಾಲು ಹಾಕಿ ಬರುವವರು, ವಾಕಿಂಗ್ ಹೊರಟವರು, ಎದುರು ಮನೆಯ ನಿವೃತ್ತರು, ಹೀಗೆ ಪೂರ್ವಪರಿಚಯದ ಹಂಗಿಲ್ಲದೆ ನಿಲ್ಲುವ ಈ ಸಭಾಸದರು ಎರಡು ಪೂರ್ವಪಕ್ಷಗಳನ್ನು ಮಂಡಿಸುತ್ತಾರೆ. “ಒಂದೇಟು ಮಡಗು ಕನಣ್ಣ, ತಂತಾನೆ ಬತ್ತದೆ” ಎಂಬುದು ಆಸ್ತಿಕವಾದ. “ಬುಡಣ್ಣ, ಅದು ಬರಾಕಿಲ್ಲ” ಎಂಬುದು ನಾಸ್ತಿಕವಾದ. ಎರಡನ್ನೂ ಒಬ್ಬರೇ ಐದು ನಿಮಿಷದ ಅಂತರದಲ್ಲಿ ಮಂಡಿಸುವುದಕ್ಕೆ ನಿಷೇಧವಿಲ್ಲ. ಇವನ್ನು ಮೀರಿ ನಿಂತ, ಮುರಿಯುವ ಮೊದಲಿನ ಮತ್ತು ಮುರಿದ ನಂತರದ ಸಿದ್ಧಾಂತಗಳಿಗೆ ಇಲ್ಲಿ ವಿಂಗಡಣೆಯ ಅನುಕೂಲಕ್ಕಾಗಿ ಮೂರು ಊರುಗಳ ಹೆಸರಿಡಲಾಗಿದೆಯೇ ಹೊರತು, ಮೂರೂ ಪಂಥದವರು ಮೂರೂ ಊರುಗಳಲ್ಲಿ, ಸಾಮಾನ್ಯವಾಗಿ ಒಂದೇ ಕಾರಿನ ಸುತ್ತ, ಕಂಡುಬರುತ್ತಾರೆ.

ಮದ್ದೂರು ಪಂಥವು ಕಾಯುವಿಕೆಯನ್ನು ಬೋಧಿಸುತ್ತದೆ. ರೈಲು ನಿಂತ ಹೊತ್ತಿನಲ್ಲಿ ಒಂದು ವಡೆಯನ್ನೇ ನಾಡಿಗೆ ಪ್ರಸಿದ್ಧ ಮಾಡಿದ ಊರಿನ ಹೆಸರು ಈ ಪಂಥಕ್ಕೆ ಒಪ್ಪುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನೋ ಡೀಸೆಲ್ಲನ್ನೋ ಸಂಜೆ ಹಾಕಿ, ಬೋಲ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಬೆಳಿಗ್ಗೆ ಮತ್ತೆ ಹಾಕಿ, ಬಿಚ್ಚುವ ಮೊದಲು ಒಂದೆಳೆ ಟೈಟು ಮಾಡಿ, ಆಮೇಲೆ ಲೂಸು ಮಾಡಿ, ಹೀಗೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಎಣ್ಣೆಗೆ ದಾರಿ ಮಾಡಿಕೊಡಬೇಕೆಂಬುದು ಇದರ ಸಾರ. ಸತ್ಯಕ್ಕೆ ಅತಿ ಸಮೀಪವಿರುವ ಪಂಥ ಇದೇ ಆದರೂ, ಭಾನುವಾರ ಮಧ್ಯಾಹ್ನ ಚಕ್ರ ಬಿಚ್ಚಿ ಸೋಮವಾರ ಬೆಳಿಗ್ಗೆ ಅದೇ ಕಾರಿನಲ್ಲಿ ಕೆಲಸಕ್ಕೆ ಹೋಗಬೇಕಾದವರಲ್ಲಿ ಇದಕ್ಕೆ ಅನುಯಾಯಿಗಳಿಲ್ಲ.

ಮಂಡ್ಯ ಪಂಥದ್ದು ಅಗ್ನಿಕಾರ್ಯ. ಬೋಲ್ಟಿಗಿಂತ ನಟ್ಟು 300 ಡಿಗ್ರಿ ಹೆಚ್ಚು ಬಿಸಿಯಾದರೆ 12 ಮಿಲಿಮೀಟರಿನ ಅದರ ತೂತು ಸುಮಾರು 0.04 ಮಿಲಿಮೀಟರಿನಷ್ಟು ಹಿಗ್ಗುತ್ತದೆ; ತುಕ್ಕಿನ ಹಿಡಿತ ಸಡಿಲಿಸಲು ಅಷ್ಟು ಸಾಕು, ಆದರೆ ಶಾಖ ಬೋಲ್ಟಿಗೂ ಹರಡುವ ಮುನ್ನ ತಿರುಗಿಸಬೇಕು. ಆಲೆಮನೆಯಲ್ಲಿ ಪಾಕ ನೋಡುವವನಂತೆ ಬಣ್ಣವನ್ನೇ ನೋಡುತ್ತ ನಿಂತು, ಮಂಕು ಕೆಂಪಿಗೆ ಬಂದೊಡನೆ ಬೆಂಕಿ ತೆಗೆದು ತಿರುಗಿಸಿ, ಬಿಡದಿದ್ದರೆ ಸ್ವಲ್ಪ ಆರಿದ ಮೇಲೆ ಥ್ರೆಡ್ಡಿಗೆ ಮೇಣದಬತ್ತಿ ಮುಟ್ಟಿಸಿದರೆ ಕರಗಿದ ಮೇಣ ತಾನಾಗಿ ಒಳಗೆ ಇಳಿಯುತ್ತದೆ. ಶಾಕ್ ಅಬ್ಸಾರ್ಬರ್, ಬ್ರೇಕಿನ ಹೋಸು ಮತ್ತು ಪೆಟ್ರೋಲ್ ಟ್ಯಾಂಕಿನ ಹತ್ತಿರ ಈ ಪಂಥವನ್ನು ಅನುಸರಿಸಕೂಡದೆಂಬ ವಿಷಯದಲ್ಲಿ ಮಾತ್ರ ಇಲ್ಲಿ ಹಾಸ್ಯಕ್ಕೆ ಅವಕಾಶವಿಲ್ಲ. ಕಾರನ್ನು ಜಾಕಿನ ಮೇಲಷ್ಟೇ ನಿಲ್ಲಿಸಿ ಅಡಿಗೆ ನುಗ್ಗುವ ವಿಷಯದಲ್ಲಿಯೂ ಇಲ್ಲ; ಜಾಕಿಗೆ ಆಸರೆಯೆಂದು ಇಟ್ಟ ಹಾಲೋ ಬ್ಲಾಕೂ ಹೇಳದೆ ಕೇಳದೆ ಪುಡಿಯಾಗುತ್ತದೆ, ಆದ್ದರಿಂದ ಭಾರವನ್ನು ಸ್ಟ್ಯಾಂಡು ಹೊತ್ತಿರಬೇಕು, ಬಿಚ್ಚಿದ ಚಕ್ರ ಚಾಸಿಯ ಕೆಳಗೆ ಮಲಗಿರಬೇಕು.

ತಲೆ ಹಾರಿಹೋದ ಬೋಲ್ಟಿಗೆ ಹೊಸ ತಲೆ ಕೊಡುವುದು ಮಳವಳ್ಳಿ ಪಂಥ. ಮುರಿದ ಮೋಟಿನ ಮೇಲೆ ನಟ್ಟೊಂದನ್ನಿಟ್ಟು, ಅದರ ತೂತಿನೊಳಗಿನಿಂದಲೇ ವೆಲ್ಡ್ ಮಾಡಿ, ಕೆಂಪು ಆರುವವರೆಗೆ ತಾಳ್ಮೆಯಿಂದಿದ್ದು ಸ್ಪ್ಯಾನರ್ ಹಾಕಿದರೆ, ಹಿಗ್ಗಿ ಕುಗ್ಗಿದ ಮೋಟು ತನ್ನ ಸುತ್ತಲಿನ ತುಕ್ಕನ್ನು ತಾನೇ ಪುಡಿಮಾಡಿಕೊಂಡು ಹೊರಬರುತ್ತದೆ. ಈ ಪಂಥದ ದೌರ್ಬಲ್ಯ ವಿದ್ಯುತ್ತಿನ ಅವಲಂಬನೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ನಟ್ಟು ಕೂರಿಸಿ ಕನ್ನಡಕ ಹಾಕಿಕೊಂಡ ಕ್ಷಣದಲ್ಲಿಯೇ ಅದು ಇಂದಿಗೂ ಬೇರೆಲ್ಲಿಗೋ ಹೊರಟುಹೋಗುವ ವಿದ್ಯಮಾನವನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

‘ಈಜಿ ಔಟ್’ ಎಂಬ ಎಡಸುತ್ತಿನ ಉಪಕರಣವನ್ನು ಮೋಟಿನಲ್ಲಿ ಕೊರೆದ ತೂತಿಗೆ ಇಳಿಸಿ ಎಳೆಯುವ ಮಾರ್ಗವನ್ನು ಮೂರೂ ಪಂಥಗಳು ಅನುಮಾನದಿಂದ ನೋಡುತ್ತವೆ. ಒಳಗೇ ಮುರಿದ ಈಜಿ ಔಟು ಡ್ರಿಲ್ಲಿಗೂ ಬಗ್ಗದಷ್ಟು ಗಡಸು. ಆ ಸ್ಥಿತಿಯಲ್ಲಿ ಗೃಹಸ್ಥನು ಲೋಯರ್ ಆರ್ಮನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ತಾನು ಯಾವ ಮೆಕ್ಯಾನಿಕ್ಕಿಗೆ ಕೊಡಬೇಕಾದ ಹಣವನ್ನು ಉಳಿಸಲು ಹೊರಟಿದ್ದನೋ ಅವನ ಬಳಿಗೇ, ಗೆಳೆಯನ ಕಾರಿನದೆಂದು ಹೇಳುತ್ತ, ಆಟೋದಲ್ಲಿ ಹೋಗುತ್ತಾನೆ.

ಹೊಸ ಬೋಲ್ಟು ತರುವಾಗ ಅಂಗಡಿಯವರು ಸ್ಯಾಂಪಲ್ ಕೇಳುವುದರಿಂದ ಮುರಿದ ಎರಡೂ ತುಂಡುಗಳನ್ನು ಜೋಪಾನವಾಗಿಟ್ಟಿರಬೇಕು. ತಲೆಯ ಮೇಲಿನ 8.8 ಎಂಬುದು ಬೆಲೆಯಲ್ಲ: ಮೊದಲ 8, ಎಳೆದರೆ ತುಂಡಾಗಲು ಚದರ ಮಿಲಿಮೀಟರಿಗೆ 800 ನ್ಯೂಟನ್ ಬೇಕೆಂಬುದನ್ನೂ, ಚುಕ್ಕಿಯ ನಂತರದ 8, ಅದರ ಶೇಕಡ 80ರಲ್ಲಿ ಬೋಲ್ಟು ಮರಳಿ ಕುಗ್ಗದಂತೆ ಹಿಗ್ಗತೊಡಗುತ್ತದೆಂಬುದನ್ನೂ ಹೇಳುತ್ತವೆ. ಗೇಟಿಗೆ ಹಾಕುವ ಬೋಲ್ಟು ಅಳತೆಗೆ ಸರಿಹೊಂದಿದರೂ ಇಲ್ಲಿಗೆ ಸಲ್ಲದು. ಗ್ರೀಸು ಸವರಿದ ಹೊಸ ಬೋಲ್ಟನ್ನು ಕೊಳವೆಯೊಳಗೆ ತೂರಿಸಿ, ಕಾರನ್ನು ಚಕ್ರಗಳ ಮೇಲೆ ಇಳಿಸಿದ ನಂತರವೇ ಕೊನೆಯ ಬಿಗಿತ ಕೊಡಬೇಕು. ಜಾಕಿನ ಮೇಲೆಯೇ ಬಿಗಿದರೆ ತಿರುಚಿಕೊಂಡ ಹೊಸ ರಬ್ಬರು ಬೇಗ ಹರಿಯುತ್ತದೆ, ಮದ್ದೂರು ಮಳವಳ್ಳಿ ನಡುವೆ ಹಂಪುಗಳಿಗಂತೂ ಬರವಿಲ್ಲ. ಎಡಗಡೆಯದನ್ನು ಬದಲಿಸಿದಾಗ ಬಲಗಡೆಯದನ್ನೂ ಬದಲಿಸಬೇಕೆಂದು ಶಾಸ್ತ್ರವಿದೆಯಾದರೂ, ಬಲಗಡೆಯಿಂದ ಶಬ್ದ ಬರುವವರೆಗೆ ಅದನ್ನು ಮುಟ್ಟಬಾರದೆಂಬ ಒಂದು ವಿಷಯದಲ್ಲಿ ಮೂರು ಪಂಥಗಳಿಗೂ, ಇಡೀ ಸಭೆಗೂ ಏಕಾಭಿಪ್ರಾಯವಿದೆ.